ತ್ರಿವೇಣಿಯ ಉತ್ತರ ತ್ರಿವೇಣಿಯೇ ಹೇಳಲಿ

ತ್ರಿವೇಣಿಗೆ ಯಾರು ಏನೇ ಕೇಳಲಿ, ಉತ್ತರ ಬರುವುದು ಮಾತ್ರ ಅವಳ ಅಪ್ಪ ಮಲಕಪ್ಪನ ಬಾಯಿಂದ. ಪುಣೆಯ ಹಡಪಸರದ ಆ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ.

"ನಿನ್ನ ಹೆಸರೇನವ್ವಾ?" ಅಂತ ರೊಟ್ಟಿ ಒಯ್ಯಲು ಬಂದ ಗಿರಾಕಿ ಕೇಳಿದರೆ ಸಾಕು.

"ತ್ರಿವೇಣಿ ಅಂತ್ರೀ!" ಅನ್ನುತ್ತಾನೆ ಮಲಕಪ್ಪ.

"ಶಾಲ್ಯಾಗ ಎಷ್ಟನೇತ್ತ?"

"ನಾಕನೇತ್ತರೀ. ಭಾಳ ಶಾಣ್ಯಾಕಿ ಅದಾಳ್ರೀ!"

"ಚಹಾ ಕುಡೀತಾಳೇನು?"

"ಇಲ್ರೀ, ಆಕಿಗೆ ಹಾಲ ಸೇರ್ತಾವ್ರೀ!"

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಮಾತು ಮುಗಿದು ಗಿರಾಕಿ ಬೈಕು ಹತ್ತಿರುತ್ತಾನೆ. ಪಾಪ, ಮಲಕಪ್ಪ ಕೆಟ್ಟವನಲ್ಲ. ಕನ್ನಡ ನಾಡಿನ ಇಂಡಿ ಕಡೆಯಿಂದ ಸಣ್ಣವನಿದ್ದಾಗಲೇ ಬಂದು, ಬೆಳೆದು, ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಅಂಗಡಿ ಇಟ್ಟವನು. ಹೆಂಡತಿ ರುದ್ರವ್ವ ಒಳಗೆ ರೊಟ್ಟಿ ಬಡಿದರೆ, ಇವನು ಹೊರಗೆ ಮಾತು ಬಡಿಯುತ್ತಾನೆ. ಮಗಳೆಂದರೆ ಜೀವ. ಆ ಜೀವವೇ ಈ ಪಜೀತಿಗೆ ಕಾರಣವಾಯಿತು ನೋಡಿ.

ತ್ರಿವೇಣಿ ಹೋಗುವುದು ಓಣಿಯ ತುದಿಯ ಮರಾಠಿ ಶಾಲೆಗೆ. ಈ ವರ್ಷ ಅವಳ ವರ್ಗಕ್ಕೆ ಬಂದ ಸ್ನೇಹಲ್ ಮೇಡಂ ಹೊಸ ರೂಢಿಯೊಂದನ್ನು ಹಾಕಿದ್ದರು. ಶನಿವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ 'ಓಣಿಯ ಸುದ್ದಿ'. ಮಕ್ಕಳು ಓಣಿಯಲ್ಲಿ ಓಡಾಡಿ, ಯಾರನ್ನಾದರೂ ಕೇಳಿ, ಒಂದು ಸುದ್ದಿ ತರಬೇಕು. ಎಲ್ಲರ ಮುಂದೆ ನಿಂತು ಹೇಳಬೇಕು. ಕೂತವರು ಪ್ರಶ್ನೆ ಕೇಳುತ್ತಾರೆ, ಮಗುವೇ ಉತ್ತರ ಕೊಡಬೇಕು. ತಂದೆ ತಾಯಿ, ನೆರೆಹೊರೆಯವರು ಬಂದು ಕೂತು ಕೇಳಬಹುದು.

"ಎಲ್ಲಾರ ಮುಂದ ನನ್ನ ಮಗಳು ತಡವರಿಸ್ಬೇಕೇನ? ಆಗೋ ಮಾತಲ್ಲ ಬಿಡು!" ಅಂದ ಮಲಕಪ್ಪ, ತ್ರಿವೇಣಿಯ ಸರದಿ ಬಂದಾಗ. ತಾನೇ ಕೂತು ಸುದ್ದಿ ಬರೆದ. ಅದೂ ಎಂಥ ಮರಾಠಿ! ಸಭೆಯಲ್ಲಿ ಪುಢಾರಿಗಳು ಆಡುವಂಥ ಭಾರಿ ಮರಾಠಿ. ಸುದ್ದಿ ಇಷ್ಟೇ: ಏಕನಾಥ ಕಾಕಾನ ಹಿಟ್ಟಿನ ಗಿರಣಿ ಮಂಗಳವಾರ ಮಧ್ಯಾಹ್ನ ಮುಚ್ಚಿರುತ್ತದೆ, ಯಾಕೆಂದರೆ ಕಾಕಾಗೆ ವಯಸ್ಸಾಯಿತು, ಕೈಲಾಗುವುದಿಲ್ಲ.

"ಕಾಕಾನ್ನ ಕೇಳಿದ್ರೇನು?" ಅಂದಳು ರುದ್ರವ್ವ.

"ಕೇಳೋದೇನ ಅದರಾಗ? ಶಟರ್ ಇಳಿದಿದ್ದು ಕಣ್ಣಿಲೆ ಕಾಣ್ತದ."

ತ್ರಿವೇಣಿ ಅದನ್ನು ಬಾಯಿಪಾಠ ಮಾಡಿದಳು. ಶನಿವಾರ ಒಂದೇ ಉಸಿರಿಗೆ ಒಪ್ಪಿಸಿದಳು. ಮಲಕಪ್ಪನ ಮುಖ ಇಷ್ಟಗಲ. ಆಗ ಮುಂದಿನ ಸಾಲಿನಿಂದ ಸ್ವಪ್ನಿಲ್ ಎಂಬ ಸಹಪಾಠಿ ಎದ್ದು ಕೇಳಿದ, "ಕೈಲಾಗುವುದಿಲ್ಲ ಅಂತ ಕಾಕಾನೇ ನಿನಗೆ ಹೇಳಿದರಾ?"

ತ್ರಿವೇಣಿ ಉತ್ತರಕ್ಕೆ ತಡಕಾಡಿದಳು. ಅಷ್ಟರಲ್ಲಿ ಹಿಂದಿನಿಂದ ಮಲಕಪ್ಪ ಎದ್ದು, "ಹೋ, ಹೋ! ವಯಸ್ಸಾಗಿಲ್ಲೇನು ಮತ್ತ?" ಅಂದುಬಿಟ್ಟ. ಅಂಗಳವೆಲ್ಲ ಗೊಳ್ಳೆಂದಿತು. "ಸುದ್ದಿ ತಂದದ್ದು ತ್ರಿವೇಣಿಯೋ ತ್ರಿವೇಣಿಯ ಅಪ್ಪನೋ?" ಅಂತ ಯಾರೋ ಅಂದರು. ಹುಡುಗಿ ತಲೆ ತಗ್ಗಿಸಿಕೊಂಡು ಬಂದು ಕೂತಳು.

ಆ ಸಂಜೆ ಅವಳು ಹೇಳಿದ್ದು ಒಂದೇ ಮಾತು. "ನಾ ಇನ್ನ ಸುದ್ದಿ ಹೇಳಂಗಿಲ್ಲಪಾ. ನೀನ ಹೋಗು. ಹ್ಯಾಂಗೂ ನೀನ ಹೇಳಾಂವ."

ಮಲಕಪ್ಪ ನಗಲು ನೋಡಿದ, ನಗು ಬರಲಿಲ್ಲ. ಊಟಕ್ಕೆ ಕೂತಾಗ ರುದ್ರವ್ವ, "ಚಟ್ನಿ ಹಾಕ್ಲೇನ ತ್ರಿವೇಣಿ?" ಅಂದಳು. ಹುಡುಗಿ ತಿರುಗಿ ಅಪ್ಪನ ಮುಖ ನೋಡಿದಳು. ತನ್ನ ತಾಟಿಗೆ ಚಟ್ನಿ ಬೇಕೋ ಬೇಡವೋ ಅನ್ನುವುದನ್ನೂ ಅಪ್ಪನೇ ಹೇಳಬೇಕು ಅನ್ನುವಂತೆ! ಮಲಕಪ್ಪ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲೇ ಇಟ್ಟುಬಿಟ್ಟ.

ಸೋಮವಾರ ಸ್ನೇಹಲ್ ಮೇಡಂ ರೊಟ್ಟಿ ಒಯ್ಯಲು ಅಂಗಡಿಗೆ ಬಂದರು. ಹುಟ್ಟಿ ಬೆಳೆದದ್ದು ಪುಣೆಯಲ್ಲಾದರೂ ಅವರ ಮನೆಮಾತು ಕನ್ನಡ.

"ತ್ರಿವೇಣಿ ಇವತ್ತ ವರ್ಗದಾಗ ತುಟಿ ಪಿಟಕ್ ಅನ್ನಲಿಲ್ಲರೀ," ಅಂದರು ಮೇಡಂ.

ಮಲಕಪ್ಪನಿಗೆ ಸಿಟ್ಟು ಬಂತು. ತನ್ನ ಮೇಲೆ ಬಂದದ್ದು, ತಿರುಗಿದ್ದು ಮೇಡಂ ಮೇಲೆ. "ಅಲ್ರೀ ಮೇಡಂ, ಶಾಲಿ ಅಂದ್ರ ನೀವು ಕಲಿಸ್ಬೇಕು, ಹುಡುಗ್ರು ಕಲೀಬೇಕು. ಇದೇನ್ರೀ, ಸುದ್ದಿ ತಾ, ಪ್ರಶ್ನಿ ಕೇಳು, ಉತ್ತರ ಹೇಳು ಅಂತ? ಇಷ್ಟ ಸಣ್ಣ ಕೂಸಿಗೆ ಯಾಕ್ರೀ ಈ ತ್ರಾಸು?"

"ತ್ರಾಸು ಕೂಸಿಗೋ, ನಿಮಗೋ?" ಅಂದು ಮೇಡಂ ನಕ್ಕರು. "ನಾ ಹೇಳಿದ್ದು ಬರಕೊಂಡ್ರ ಒಂದು ವಾರ ನೆನಪಿರ್ತದ. ತಾನ ಹುಡುಕಿ, ಕೇಳಿ ತಿಳಕೊಂಡದ್ದು ಹೋಗಂಗಿಲ್ಲರೀ. ಅದಕ್ಕ ಈ ಸುದ್ದಿ. ಚಂದ ಹೇಳ್ಬೇಕು ಅಂತ ಅಲ್ಲ."

"ತಪ್ಪಿದ್ರ? ಮಂದಿ ನಗ್ತಾರ." ಮಲಕಪ್ಪನ ದನಿ ಇಳಿಯಿತು. "ನಿಮಗ ಗೊತ್ತಿಲ್ಲ ಮೇಡಂ. ನಾ ಸಣ್ಣಾಂವ ಇದ್ದಾಗ ಇಲ್ಲಿ ಶಾಲಿಗೆ ಬಂದೆ. ಮರಾಠಿ ಒಂದಕ್ಷರ ಬರ್ತಿದ್ದಿಲ್ಲ. ಮಾಸ್ತರು ಹೆಸರು ಕೇಳಿದ್ರೂ ಗಪ್ಪ ನಿಂತಿದ್ದೆ. ಇಡೀ ವರ್ಗ ನಕ್ಕಿತ್ರೀ. ನನ್ನ ಮಗಳಿಗೆ ಆ ಗತಿ ಬರಬಾರದು."

ಮೇಡಂ ಮೆಲ್ಲಗೆ ಕೇಳಿದರು, "ಮತ್ತ ಇವತ್ತು ಇಷ್ಟು ಪಟಪಟ ಮರಾಠಿ ಆಡ್ತೀರಿ. ಹ್ಯಾಂಗ ಕಲತ್ರಿ?"

"ಹ್ಯಾಂಗಂದ್ರ… ಗಿರಾಕಿ ಜೋಡಿ ತಪ್ಪತಪ್ಪ ಮಾತಾಡಿ ಮಾತಾಡಿ ಕಲತೆ."

"ನಿಮಗ ಸಿಕ್ಕ ಆ ಅವಕಾಶ ಆಕಿಗೂ ಸಿಗ್ಲಿ ಬಿಡ್ರಲ್ಲ. ನೀವು ಉತ್ತರ ಕೊಟ್ಟಾಗೊಮ್ಮೆ ಏನಾಗ್ತದ ಗೊತ್ತದೇನ್ರೀ? ನನಗ ಬರಂಗಿಲ್ಲ, ಅದಕ್ಕ ಅಪ್ಪ ಹೇಳ್ತಾನ ಅಂತ ಆಕಿ ತಿಳಕೊಳ್ತಾಳ."

ಮಲಕಪ್ಪ ಪೆಚ್ಚಾಗಿ ತಕ್ಕಡಿ ಒರೆಸತೊಡಗಿದ. ಒಳಗಿನಿಂದ ರುದ್ರವ್ವ, "ಇನ್ನೊಮ್ಮೆ ಹೇಳ್ರೀ ಮೇಡಂ, ಛಲೋತ್ನಂಗ ಕೇಳಿಸ್ಲಿ!" ಅಂದಳು.

"ನಾ ಏನ ಮಾಡ್ಲಿ ಹಂಗಾರ?" ಅಂದ ಮಲಕಪ್ಪ.

"ಆಕೀನ್ನ ಯಾರರ ಏನರ ಕೇಳಿದ್ರ ಒಂದೀಟು ತಡೀರಿ. ತಡವರಿಸಿದ್ರೂ ತಡೀರಿ. ಬರದು ಕೊಡಬ್ಯಾಡ್ರಿ, ಬೇಕಾದ್ರ 'ನಿನಗೇನ ಅನಸ್ತದ?' ಅಂತ ತಿರುಗಿ ಕೇಳ್ರಿ. ಮನ್ಯಾಗ ಕನ್ನಡದಾಗ ಹೇಳ್ಲಿ, ನಡೀತದ. ಮೊದಲ ವಿಚಾರ ತನ್ನದಾಗ್ಲಿ, ಮರಾಠಿ ಹಿಂದ ಬರ್ತದ. ಗೊತ್ತಿಲ್ಲ ಅಂದ್ರ ಬೈಬ್ಯಾಡ್ರಿ. ಗೊತ್ತಿಲ್ಲ ಅನ್ನೋದೂ ಒಂದು ಉತ್ತರನ. ಈ ಶನಿವಾರ ಬೇಕಾದ್ರ ಆಕಿಗೆ ಮತ್ತ ಸರದಿ ಕೊಡ್ತೀನಿ. ಆದ್ರ ಆಕಿ ಹೂಂ ಅನ್ಬೇಕು, ನೀವಲ್ಲ."

ಮಲಕಪ್ಪ ರಾಯರಿಗೆ ಇನ್ನೊಂದು ಪೆಟ್ಟು ಬಾಕಿ ಇತ್ತು. ಮರುದಿನ ಬೆಳಿಗ್ಗೆ ಜೋಳ ಬೀಸಿಸಲು ಹೋದರೆ ಏಕನಾಥ ಕಾಕಾ ಮುಖ ಬಿಗಿದುಕೊಂಡು ಕೂತಿದ್ದ. "ಕೈಲಾಗುವುದಿಲ್ಲವಂತೆ, ಗಿರಣಿಯನ್ನೇ ಮುಚ್ಚುತ್ತೀರಂತೆ ಅಂತ ಎಲ್ಲರೂ ಕೇಳುತ್ತಾರೆ. ಯಾರಪ್ಪಾ ಹಬ್ಬಿಸಿದ್ದು ಇದನ್ನು?" ಅಂದ ಮರಾಠಿಯಲ್ಲಿ. ಮಲಕಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪು ತನ್ನದೇ ಎಂದು ಒಪ್ಪಿಕೊಂಡು ಕೈಮುಗಿದ.

ಮನೆಗೆ ಬಂದವನೇ ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ತ್ರಿವೇಣವ್ವಾ, ನನಗ ಗೊತ್ತಿದ್ದಿಲ್ಲ. ಗೊತ್ತಿಲ್ಲದ ಬರದೆ. ಕಾಕಾಗ ಭಾಳ ಬ್ಯಾಸರಾಗ್ಯದ. ಮಂಗಳವಾರ ಗಿರಣಿ ಯಾಕ ಮುಚ್ಚತಾನ, ಖರೇ ಸುದ್ದಿ ನೀನ ಕೇಳ್ಕೊಂಡ ಬರ್ತಿಯೇನ?"

ಬಾಯಿ ತುದಿಗೆ 'ಹೂಂ ಅನ್ನು' ಬಂದಿತ್ತು. ಹಲ್ಲು ಕಚ್ಚಿ ತಡೆದ. ಹುಡುಗಿ ನೆಲ ನೋಡಿದಳು, ಗೋಡೆ ನೋಡಿದಳು, ಕಡೆಗೆ ಅಪ್ಪನನ್ನು ನೋಡಿದಳು.

"ನೀ ಹೊರಗ ನಿಂದರಬೇಕು. ಒಳಗ ಬರಬಾರದು," ಅಂದಳು.

ಹಾಗೇ ಆಯಿತು. ಬುಧವಾರ ಶಾಲೆ ಬಿಟ್ಟ ಮೇಲೆ ತ್ರಿವೇಣಿ ಗಿರಣಿಯೊಳಗೆ ಹೋದಳು, ಮಲಕಪ್ಪ ರಸ್ತೆಯ ಆಚೆ ನಿಂತ. ಒಳಗೆ ಏನು ಕೇಳಿದಳೋ, ಕಾಕಾ ಏನು ಹೇಳಿದನೋ, ಒಂದೂ ಕೇಳಿಸದು. ರಿಕ್ಷಾಗಳ ಗದ್ದಲ ಬೇರೆ. ಪಾಪದವನು ಚಪ್ಪಲಿ ಸವೆಯುವಂತೆ ಅತ್ತಿಂದಿತ್ತ ತಿರುಗಿದ. ಹೊರಗೆ ಬಂದಾಗ ಮಗಳ ಕೂದಲಿಗೆಲ್ಲ ಹಿಟ್ಟು, ಮುಖದ ತುಂಬ ನಗೆ. "ಏನಂದ ಕಾಕಾ?" ಅಂದರೆ, "ಶನಿವಾರ ಬಂದು ಕೇಳು!" ಅಂದಳು. ಎಂಥಾ ಗಟ್ಟಿಗಿತ್ತಿ ನೋಡಿ!

ಶನಿವಾರ ಬಂತು. ಏಕನಾಥ ಕಾಕಾ ಸ್ವತಃ ಬಂದು ಮುಂದೆ ಕೂತಿದ್ದ. ತ್ರಿವೇಣಿಯ ಕೈಯಲ್ಲಿ ಚೀಟಿ ಇರಲಿಲ್ಲ.

"ಹೋದ ವಾರ ನಾನು ಹೇಳಿದ ಸುದ್ದಿ ತಪ್ಪು," ಅಂತ ಶುರು ಮಾಡಿದಳು. ಮರಾಠಿಯ ನಡುವೆ ಅಲ್ಲಲ್ಲಿ ಕನ್ನಡ ನುಸುಳುತ್ತಿತ್ತು, ಅವಳು ನಿಲ್ಲಿಸಲಿಲ್ಲ. "ಕಾಕಾಗೆ ಕೈಲಾಗುತ್ತದೆ. ಜೋಳ ಬೀಸಿ ಬೀಸಿ ಗಿರಣಿಯ ಕಲ್ಲು ಸವೆದು ನುಣ್ಣಗಾಗುತ್ತದೆ. ಆಗ ಹಿಟ್ಟು ಬಿಸಿಯಾಗುತ್ತದೆ, ಬಡಿಯುವಾಗ ರೊಟ್ಟಿ ಹರಿಯುತ್ತದೆ. ಅದಕ್ಕೆ ಮಂಗಳವಾರ ಕಾಕಾ ಗಿರಣಿ ನಿಲ್ಲಿಸಿ, ಕಲ್ಲನ್ನು ಬಿಚ್ಚಿ ನೋಡುತ್ತಾರೆ, ಅದು ಮತ್ತೆ ಒರಟಾಗುವಂತೆ ಉಳಿ ಹಿಡಿದು ಕಚ್ಚು ಹೊಡೆಯುತ್ತಾರೆ. ಗಿರಣಿ ಮುಚ್ಚುವುದಿಲ್ಲ."

ದಿನಾ ಅದೇ ಹಿಟ್ಟಿನ ರೊಟ್ಟಿ ಮಾರುವ ಮಲಕಪ್ಪನಿಗೂ ಇದು ಗೊತ್ತಿರಲಿಲ್ಲ! ಬಾಯಿ ತೆರೆದು ಕೇಳುತ್ತ ಕೂತಿದ್ದ.

ಸ್ವಪ್ನಿಲ್ ಮತ್ತೆ ಎದ್ದ. "ಆ ಕಲ್ಲು ಎಲ್ಲಿಂದ ತರುತ್ತಾರೆ?"

ತ್ರಿವೇಣಿ ಸುಮ್ಮನಾದಳು. ಏಳಲು ಹೋದ ಮಲಕಪ್ಪನ ಅಂಗಿ ಹಿಡಿದು ರುದ್ರವ್ವ ಕೂರಿಸಿದಳು. "ತಡೀರಿ," ಅಂದಳು ಪಿಸುಮಾತಿನಲ್ಲಿ.

"ನನಗೆ ಗೊತ್ತಿಲ್ಲ," ಅಂದಳು ತ್ರಿವೇಣಿ. ಯಾರೂ ನಗಲಿಲ್ಲ. "ನಿಲ್ಲು, ಕೇಳಿ ಹೇಳುತ್ತೇನೆ."

ಅಷ್ಟಂದು ನೆಟ್ಟಗೆ ಕಾಕಾನ ಹತ್ತಿರ ನಡೆದು ಕೇಳಿದಳು. ಕಾಕಾ ಅವಳ ಕಿವಿಯಲ್ಲಿ ಏನೋ ಹೇಳಿದ. ತಿರುಗಿ ಬಂದು ಎದೆ ಸೆಟೆದು ನಿಂತು, "ಆ ಕಲ್ಲು ಅವರ ಅಪ್ಪ ಸೊಲ್ಲಾಪುರದಿಂದ ತಂದದ್ದಂತೆ!" ಅಂದಳು. ಚಪ್ಪಾಳೆಯೋ ಚಪ್ಪಾಳೆ. ಕಾಕಾನಂತೂ ಕಣ್ಣೊರೆಸಿಕೊಂಡ. ಮಲಕಪ್ಪ ಅತ್ತನೋ ಇಲ್ಲವೋ, ರುದ್ರವ್ವನನ್ನೇ ಕೇಳಬೇಕು.

ಆ ಸಂಜೆ ಅಂಗಡಿಗೆ ಹೊಸ ಗಿರಾಕಿಯೊಬ್ಬರು ಬಂದರು. "ನಿನ್ನ ಹೆಸರೇನವ್ವಾ?" ಅಂದರು.

ಮಲಕಪ್ಪನ ಬಾಯಿ ತೆರೆಯಿತು. ತಕ್ಷಣ ಒಂದು ಶೇಂಗಾಕಾಳು ಒಳಗೆ ಹಾಕಿಕೊಂಡು ಮುಚ್ಚಿದ.

"ತ್ರಿವೇಣಿ ಅಂತ್ರೀ," ಅಂದಳು ತ್ರಿವೇಣಿ. ಸ್ವಲ್ಪ ಯೋಚಿಸಿ, "ನಿಮ್ಮ ಹೆಸರೇನ್ರೀ?" ಅಂದಳು.

ತಂದೆ ತಾಯಂದಿರೇ, ಅಜ್ಜ ಅಜ್ಜಿಯರೇ, ಇವತ್ತು ಸಂಜೆ ನಿಮ್ಮ ಮನೆಯಲ್ಲೂ ಯಾರೋ ಮಗುವನ್ನು ಏನೋ ಕೇಳುತ್ತಾರೆ. ಒಂದು ಗಳಿಗೆ ತಡೆಯಿರಿ. ಮಗು ತಪ್ಪು ಹೇಳಲಿ, ತಡವಾಗಿ ಹೇಳಲಿ, ಗೊತ್ತಿಲ್ಲ ಎನ್ನಲಿ, ಕನ್ನಡ ಮರಾಠಿ ಬೆರೆಸಿ ಹೇಳಲಿ, ಮಗುವೇ ಹೇಳಲಿ. ಶಾಲೆಯ ಕೆಲಸವನ್ನು ಅದರ ಕೈಯಿಂದ ಕಸಿದುಕೊಳ್ಳಬೇಡಿ, ಜೊತೆಗೆ ಕೂತು ಕೇಳಿ. ಶಾಲೆ ಕರೆದಾಗ ಹೋಗಿ, ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ. ಬಾಯಿ ತಡೆಯಲಾಗದಿದ್ದರೆ ಕಿಸೆಯಲ್ಲಿ ನಾಲ್ಕು ಶೇಂಗಾ ಇಟ್ಟುಕೊಳ್ಳಿ.