ಸರ್ವರಿಗೂ ಎಂಬ ಬಾಗಿಲು

"ಲೇ ಲೇ ಲೇ, ಎಲ್ಲಿಗ್ಲಾ ನುಗ್ತೀಯ? ಅದು ಹೆಣ್ಮಕ್ಳುದು ಕಣ್ಲಾ! ನನ್ಗೆ ಚಪ್ಲೀಲಿ ಹೊಡುಸ್ತೀಯೇನ್ಲಾ?"

ಅಟೆಂಡರ್ ನಾಗರಾಜು ಪೊರಕೆಯನ್ನು ಕಾಲೇಜಿನ ಕಕ್ಕಸಿನ ಬಾಗಿಲಿಗೆ ಅಡ್ಡ ಹಿಡಿದು ನಿಂತಿದ್ದ. ಲತಾಮಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಮುಖವನ್ನೇ ನೋಡಿದಳು.

"ಅಂಗಾರೆ ಗಂಡುಮಕ್ಳುದಕ್ಕೆ ಓಗ್ಲಾ?"

"ಸೀರೆ ಉಟ್ಕಂಡು ಅಲ್ಲಿಗ್ಯಾಕ್ಲಾ? ಆವತ್ತು ಓಗಿದ್ಯಲ್ಲ, ಹುಡುಗ್ರು ಏನ್ ಮಾಡುದ್ರು, ಮರ್ತೋಯ್ತಾ?"

ಮರೆತಿರಲಿಲ್ಲ. ಬಾಗಿಲ ಮೇಲಿಂದ ಮೊಬೈಲು ಇಳಿಬಿಟ್ಟು ವಿಡಿಯೋ ಮಾಡಿದ್ದರು. ಅದು ಹಾರೋಹಳ್ಳಿಯ ಟೀ ಅಂಗಡಿಗಳವರೆಗೂ ಹೋಗಿತ್ತು. ದೂರು ಕೊಟ್ಟರೆ, ಸ್ನಾತಕೋತ್ತರ ಕೇಂದ್ರದ ಡೈರೆಕ್ಟರ್ ವೀರೇಂದ್ರ, "ನೀನು ಅಲ್ಲಿಗೆ ಹೋಗಿದ್ದಾದ್ರೂ ಯಾಕೆ?" ಎಂದು ಕೇಳಿ, ಫ್ಯಾನು ಜೋರು ಮಾಡಿಕೊಂಡಿದ್ದರು. ಆಮೇಲೆ ಲತಾಮಣಿ ಕಾಂಪೌಂಡಿನ ಹಿಂದಿನ ಹಿಪ್ಪುನೇರಳೆ ತೋಟಕ್ಕೆ ಹೋಗತೊಡಗಿದಳು. ರೇಷ್ಮೆಹುಳುವಿಗೆಂದು ಸೊಪ್ಪು ಕೊಯ್ದ ಮೇಲೆ ಅಲ್ಲಿಯೂ ಮರೆ ಇಲ್ಲವಾಯಿತು. ಕಾಲೇಜಿರುವ ದಿನ ನೀರು ಕುಡಿಯುವುದನ್ನೇ ಬಿಟ್ಟಳು. ಉರಿಮೂತ್ರ ಹತ್ತಿತು. ಕನಕಪುರದ ಡಾಕ್ಟರು ಚೆನ್ನಾಗಿ ನೀರು ಕುಡಿಯಬೇಕೆಂದು ಬುದ್ಧಿ ಹೇಳಿ ಕಳಿಸಿದರು.

ವಿರೂಪಾಕ್ಷಿಪುರದ ಬೈರಪ್ಪನ ಮಗ ಜಯಕುಮಾರನಾಗಿ ಬೆಳೆದು, ಆ ಹೆಸರನ್ನು ಅಪ್ಪನ ಹೊಸ್ತಿಲಲ್ಲೇ ಬಿಟ್ಟು ಬಂದವಳು ಅವಳು. ದನದ ಹಗ್ಗದಲ್ಲಿ ಅಪ್ಪ ಬಾರಿಸಿದ್ದು ಬೆನ್ನ ಮೇಲೆ ಇನ್ನೂ ಇತ್ತು. ಎಂ.ಎ. ಮಾಡಿ ಟೀಚರಾಗುತ್ತೇನೆಂಬ ಹಟವೊಂದನ್ನು ಮಾತ್ರ ಜೊತೆಗೆ ತಂದಿದ್ದಳು. ಆದರೆ ಕ್ಲಾಸಿನಲ್ಲಿ ಪ್ರೊಫೆಸರ್ ಸೌಮ್ಯಶ್ರೀ ಹಾಜರಿ ಕೂಗುವಾಗ "ಜಯಕುಮಾರ್" ಎಂದೇ ಕರೆದು, ಹುಡುಗರು ನಕ್ಕು ಮುಗಿಸುವ ತನಕ ತಾಳ್ಮೆಯಿಂದ ಕಾಯುತ್ತಿದ್ದರು.

ಅದೇ ಸೌಮ್ಯಶ್ರೀ ಅಂದು ಮಧ್ಯಾಹ್ನ ಅವಳ ಕೈ ಹಿಡಿದುಕೊಂಡರು. ಕೇಂದ್ರದ ಸಮಾನತಾ ಕೋಶಕ್ಕೆ ಅವರೇ ಮುಖ್ಯಸ್ಥೆ.

"ಲತಾ, ನೀನು ನಮ್ಮ ಕ್ಯಾಂಪಸ್ಸಿನ ಹೆಮ್ಮೆ ಕಣಮ್ಮ. ನಾಳೆ ಡೆಲ್ಲಿಯಿಂದ ತಪಾಸಣೆ ಕಮಿಟಿ ಬರ್ತಾ ಇದೆ. ನೀನೇ ಆರತಿ ಎತ್ತಬೇಕು. ಒಳ್ಳೆ ರೇಷ್ಮೆ ಸೀರೆ ಉಟ್ಕೊಂಡು ಬಾ. ಚಪ್ಪಾಳೆ ಗಿಪ್ಪಾಳೆ ಬೇಡ, ಆಯ್ತಾ?"

"ಮೇಡಂ, ನಂಗೊಂದು ಕಕ್ಕಸು ಬೇಕು."

"ಛೆ, ಹಾಗನ್ನಬಾರ್ದು. ರೆಸ್ಟ್ ರೂಮ್ ಅನ್ಬೇಕು. ರೆಡಿ ಆಗಿದೆ ಕಣೆ, ನಾಳೆನೇ ಉದ್ಘಾಟನೆ."

ಮರುದಿನ ಗೇಟಿಗೆ ಏಳು ಬಣ್ಣದ ಬ್ಯಾನರು ಬಂದಿತ್ತು. 'ಸರ್ವರಿಗೂ ಸ್ವಾಗತ' ಎಂಬ ಅಕ್ಷರಗಳ ಪಕ್ಕದಲ್ಲಿ, ಅವಳನ್ನು ಒಂದು ಮಾತೂ ಕೇಳದೆ ಹಾಕಿದ ಅವಳ ಫೋಟೋ. ಆರತಿಯ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತವಳು ಶೀಬಾ, ರಾಮನಗರದಿಂದ ಬರುವ ಸಹಪಾಠಿ. ರೂಮಿನ ಗೆಳತಿಯನ್ನು ತಬ್ಬಿಕೊಂಡು ಮಲಗಿದ್ದಳೆಂದು ವಾರ್ಡನ್ ಅವಳ ಟ್ರಂಕನ್ನು ಹಾಸ್ಟೆಲಿನ ಮೆಟ್ಟಿಲಿಂದ ಕೆಳಗೆ ಎಸೆದಿದ್ದಳು. ಅವಳನ್ನೂ ಇಂದು ಹೆಮ್ಮೆಯ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು.

ಆರತಿಯಾಯಿತು. ಕಮಿಟಿಯವರು ಲತಾಮಣಿಯ ಪಕ್ಕ ನಿಂತು, ಮೈ ತಾಗದಷ್ಟು ಜಾಗ ಬಿಟ್ಟು, ಫೋಟೋ ತೆಗೆಸಿಕೊಂಡರು. ಲೈಬ್ರರಿಯ ಮೂಲೆಯಲ್ಲಿ ಬಣ್ಣ ಬಣ್ಣದ ಹೊಸ ಬಾಗಿಲು. ಮೇಲೆ 'ಸರ್ವರಿಗೂ' ಎಂಬ ಬೋರ್ಡು. ಕಮಿಟಿಯ ಹೆಂಗಸು ರಿಬ್ಬನ್ ಕತ್ತರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗಿಲು ತೆರೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಡೈರೆಕ್ಟರರ ಕೋಣೆಯಲ್ಲಿ ಕಾಫಿ ಆರುತ್ತಿತ್ತು, ಆ ಕಡೆ ಹೊರಟರು.

ಲತಾಮಣಿ ಚಿಲಕಕ್ಕೆ ಕೈ ಹಾಕಿದಳು. ಬೀಗ.

"ತಗಿಯಂಗಿಲ್ಲ," ಎಂದ ನಾಗರಾಜು. "ಸಾರ್ ಏಳವ್ರೆ. ನನ್ ಕೆಲ್ಸ ಓಯ್ತದೆ."

"ಅಣ್ಣೋ, ಒಟ್ಟೆ ಕಿತ್ಕಂಡ್ ಬತ್ತಾ ಐತೆ. ಜರುಗು."

ಗಿಡದ ಪಾತಿಗೆ ಸಾಲಾಗಿ ಜೋಡಿಸಿದ್ದ ಕಲ್ಲೊಂದನ್ನು ಎತ್ತಿ ಬೀಗಕ್ಕೆ ಅಪ್ಪಳಿಸಿದಳು. ಬಾಗಿಲು ತೆರೆಯಿತು. ಒಳಗೆ ಬೇಸಿನ್ ಇಲ್ಲ, ಕೊಳಾಯಿ ಇಲ್ಲ, ನೆಲದಲ್ಲಿ ಒಂದು ತೂತೂ ಇಲ್ಲ. ಮುರಿದ ಬೆಂಚುಗಳು, ಗಟ್ಟಿಯಾಗಿ ಕಲ್ಲಾದ ಸಿಮೆಂಟಿನ ಮೂಟೆ.

"ಬಾಗ್ಲಿಗೆ ಮಾತ್ರ ಸ್ಯಾಂಕ್ಷನ್ ಆಗಿತ್ತು ಕಣಮ್ಮಿ," ಎಂದು ನಾಗರಾಜು ತಗ್ಗಿದ ದನಿಯಲ್ಲಿ ಅಂದ. ಅವಳನ್ನು ಅವನು ಅಮ್ಮಿ ಎಂದು ಕರೆದದ್ದು ಅದೇ ಮೊದಲು.

ಶೀಬಾ ಅವಳ ಭುಜ ಹಿಡಿದಳು. "ಬಾರೆ, ಬಸ್‌ಸ್ಟ್ಯಾಂಡಿಗೆ ಹೋಗಣ."

"ನಾನ್ಯಾಕೆ ಅಲ್ಲಿಗಂಟ ಓಗ್ಲಿ? ಇಲ್ಲೇ ಐತಲ್ಲ ಒಂದು."

ಡೈರೆಕ್ಟರರ ಕೋಣೆಯಲ್ಲಿ ವಡೆಯ ತಟ್ಟೆಗಳು ಓಡಾಡುತ್ತಿದ್ದವು. "ವೆರಿ ಇನ್‌ಕ್ಲೂಸಿವ್, ವೆರಿ ಇನ್‌ಕ್ಲೂಸಿವ್," ಎನ್ನುತ್ತಿದ್ದ ಕಮಿಟಿಯ ಅಧ್ಯಕ್ಷ. ಲತಾಮಣಿ ರೇಷ್ಮೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಸೋಫಾಗಳ ನಡುವೆಯೇ ನಡೆದಳು. ವೀರೇಂದ್ರರ ಕುರ್ಚಿಯ ಹಿಂದೆ ಇದ್ದ ಕಿರುಬಾಗಿಲನ್ನು ತಳ್ಳಿ ಒಳಹೊಕ್ಕು ಚಿಲಕ ಹಾಕಿದಳು.

ಬಿಳಿ ಟೈಲ್ಸು, ಬಿಸಿನೀರು, ಮಲ್ಲಿಗೆಯ ಸೆಂಟು. ಲತಾಮಣಿ ಕೂತಳು. ಎಷ್ಟು ಕಾಲದಿಂದ ಬಿಗಿಹಿಡಿದದ್ದೋ, ಸದ್ದು ಮಾಡುತ್ತಾ ಇಳಿಯಿತು. ಆಚೆ ಕಪ್‌ಸಾಸರುಗಳ ಸದ್ದು ನಿಂತುಹೋಯಿತು. ಉರಿಗೆ ಕಣ್ಣಲ್ಲಿ ನೀರು ಬಂತು. ಆದರೂ ನಗು ಬಂತು.

ಸೌಮ್ಯಶ್ರೀ ಮೆಲ್ಲಗೆ ಬಾಗಿಲು ತಟ್ಟಿದರು. "ಲತಾ, ಪ್ಲೀಸ್. ಗೆಸ್ಟ್‌ಗಳಿದಾರಮ್ಮ."

"ಇರ್ಲಿ ಬುಡಿ ಮೇಡಂ. ಅವ್ರೇನು ಉಚ್ಚೆ ಉಯ್ಯಲ್ವಾ?"

ವೀರೇಂದ್ರರಿಗೆ ಪುಸ್ತಕದ ಕನ್ನಡ ಮರೆತೇ ಹೋಯಿತು. "ಲೇ ಬೋಳಿಮಗನೆ! ತಗಿಯಲೇ ಬಾಗಿಲ್ನ!"

"ಮಗನೆ ಅಲ್ಲ ಸಾರ್. ಮಗಳೆ ಅನ್ನಿ, ತಗೀತೀನಿ."

ಡೆಲ್ಲಿಯ ಅಧ್ಯಕ್ಷ ಏನಾಯಿತೆಂದು ಕೇಳುತ್ತಿದ್ದ. ಅದನ್ನು ಅವನ ಭಾಷೆಗೆ ತಿರುಗಿಸಿ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ವೀರೇಂದ್ರರ ಬಾಯಿಂದ 'ಮಗಳೆ' ಎಂಬುದೂ ಬರಲಿಲ್ಲ.

ಲತಾಮಣಿ ತನಗೆ ಬೇಕಾದಷ್ಟು ಹೊತ್ತು ಕೂತು, ಮುಖ ತೊಳೆದು, ಡೈರೆಕ್ಟರರ ಟವೆಲಿನಲ್ಲೇ ಒರೆಸಿಕೊಂಡು ಹೊರಬಂದಳು. ವೀರೇಂದ್ರ ಬಾಗಿಲನ್ನು ಎಳೆದು ಮುಚ್ಚಲು ಕೈ ಚಾಚಿದರು. ಅಷ್ಟರಲ್ಲಿ ಅವರ ತೋಳಿನ ಕೆಳಗೆ ತಲೆ ತೂರಿಸಿ ಶೀಬಾ ನಿಂತಿದ್ದಳು.

"ಒಸಿ ಜರುಗಿ ಸಾರ್. ನಂದೂ ಅರ್ಜೆಂಟು."

ಒಳಗಿನಿಂದ ಚಿಲಕ ಬಿತ್ತು. ಲತಾಮಣಿ ಅತಿಥಿಗಳ ಸಾಲಿನಿಂದ ಖಾಲಿ ಕುರ್ಚಿಯೊಂದನ್ನು ಎಳೆದು, ಆ ಬಾಗಿಲಿಗೆ ಬೆನ್ನು ಕೊಟ್ಟು, ಕಾಲ ಮೇಲೆ ಕಾಲು ಹಾಕಿ ಕೂತಳು.

"ಇನ್ಯಾರಿಗಾದ್ರೂ ಬೇಕಾ?" ಎಂದು ಕಮಿಟಿಯವರನ್ನು ಕೇಳಿದಳು.