ಆಲೂಗಡ್ಡೆಯ ನಾಲ್ಕನೇ ಕೈ

"ಅಮ್ಮಾ, ದಿನಾ ಫೋನಿನಲ್ಲಿ ಮೀಥೈಲ್ ಮೀಥೈಲ್ ಅಂತೀಯಲ್ಲ, ಯಾರದು?"

ಬಣ್ಣದ ಕಾರ್ಖಾನೆಯ ಪ್ರಯೋಗಾಲಯದ ಕೆಲಸ ಮುಗಿಸಿ ಬಂದು ಬಟಾಣಿ ಬಿಡಿಸಲು ಕೂತಿದ್ದ ಆಕೆಗೆ ಮಗನ ಮಾತು ಕೇಳಿ ನಗು ಬಂತು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಹುಡುಗಿ ಮಾತ್ರ ನಗಲಿಲ್ಲ. ಗಂಡನ ಮೊದಲ ಹೆಂಡತಿಯ ಮಗಳು. ತಾಯಿ ತೀರಿಕೊಂಡ ಮೇಲೆ ಅಜ್ಜಿಯ ಮಡಿಲಲ್ಲೇ ಬೆಳೆದವಳು, ರಜೆಗೆಂದು ಇಲ್ಲಿಗೆ ಬಂದಿದ್ದಳು. ಒಗ್ಗಿಕೊಂಡರೆ ಇಲ್ಲೇ ಶಾಲೆಗೆ ಸೇರಿಸುವುದು, ಇಲ್ಲದಿದ್ದರೆ ನಾಳೆ ಅಜ್ಜಿ ಬಂದು ವಾಪಸು ಕರೆದುಕೊಂಡು ಹೋಗುವುದು ಎಂದು ಮಾತಾಗಿತ್ತು. ಬಂದಾಗಿನಿಂದ ಅವಳು ಆಕೆಯನ್ನು ಏನೆಂದೂ ಕರೆದಿರಲಿಲ್ಲ. ಬೇಕಾದದ್ದನ್ನು ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು.

"ಯಾರೂ ಅಲ್ಲ ಕಣೋ," ಎಂದು ಆಕೆ ಒಂದು ಆಲೂಗಡ್ಡೆಗೆ ನಾಲ್ಕು ಹಲ್ಲುಕಡ್ಡಿ ಚುಚ್ಚಿದಳು. "ಇದು ಕಾರ್ಬನ್. ನಾಲ್ಕು ಕೈ. ಮೂರು ಕೈಯಲ್ಲಿ ಒಂದೊಂದು ಹೈಡ್ರೋಜನ್ ಹಿಡ್ಕೊಂಡಿದೆ." ಕಡ್ಡಿಗಳ ತುದಿಗೆ ಬಟಾಣಿ ಕೂತವು. "ಎಲ್ಲ ಸೇರಿ ಮೀಥೈಲ್."

"ಗೊತ್ತಾಯ್ತು! ಗಡ್ಡೆ ನಮ್ಮನೆ. ಇದು ಅಪ್ಪ, ಇದು ನೀನು, ಇದು ನಾನು. ಲೆಕ್ಕ ಸರಿಹೋಯ್ತು!"

ಆಕೆಗೆ ಅಡಕತ್ತರಿಯಲ್ಲಿ ಸಿಕ್ಕಿದಂತಾಯಿತು. ಮಗನನ್ನು ಗದರಿದರೆ ಹುಣ್ಣು ಕೆದಕಿದಂತೆ, ಸುಮ್ಮನಿದ್ದರೆ ಒಪ್ಪಿದಂತೆ. ಬಾಗಿಲ ಕಡೆ ನೋಡಲು ಧೈರ್ಯ ಸಾಲಲಿಲ್ಲ.

"ಎಲ್ಲಿ ಸರಿಹೋಯ್ತು? ಒಂದು ಕೈ ಖಾಲಿ ಇದೆಯಲ್ಲೋ," ಎಂದಳು ಮಗನಿಗೆ.

"ಅದಕ್ಕೇನಂತೆ!" ಮಗ ಅಲ್ಲಿಗೂ ಒಂದು ಬಟಾಣಿ ಚುಚ್ಚಿದ. "ಇದು ಅಕ್ಕ. ಮುಗೀತು."

"ನಾನು ಬಟಾಣಿ ಅಲ್ಲ."

ಹುಡುಗಿ ಸರಸರ ಒಳಗೆ ಬಂದು ಆ ಬಟಾಣಿಯನ್ನು ಕಿತ್ತು ಬಾಯಿಗೆ ಹಾಕಿಕೊಂಡಳು. ಬುಟ್ಟಿಯಲ್ಲಿ ಉಳಿದಿದ್ದ ಇನ್ನೊಂದೇ ಆಲೂಗಡ್ಡೆಯನ್ನು ಎತ್ತಿಕೊಂಡಳು. "ಇದು ನಾನು." ಮೂರು ಕಡ್ಡಿ ಚುಚ್ಚಿ ಬಟಾಣಿ ಸಿಕ್ಕಿಸುತ್ತಾ ಹೋದಳು. "ಅಜ್ಜಿ. ತಾತ."

"ಮೂರನೇದು ಯಾರು?" ಮಗ ಬಿಡಲಿಲ್ಲ.

ಹುಡುಗಿ ಅದು ಬೀಳದ ಹಾಗೆ ಇನ್ನಷ್ಟು ಒತ್ತಿ ಕೂರಿಸಿದಳು. ಆಮೇಲೆ ಮೊದಲ ಸಲ ಆಕೆಯ ಮುಖವನ್ನೇ ನೋಡಿ ಕೇಳಿದಳು: "ಇವರನ್ನ ಬಿಡದೇನೇ ಆ ಖಾಲಿ ಕೈ ಹಿಡ್ಕೋಬಹುದಾ?"

"ಯಾರನ್ನೂ ಬಿಡೋದು ಬೇಡ," ಎಂದಳು ಆಕೆ. "ಎರಡು ಮೀಥೈಲ್ ಸೇರೋದೇ ಹಾಗೆ."

ಹುಡುಗಿ ತನ್ನ ಗಡ್ಡೆಯನ್ನು ಆ ಖಾಲಿ ಕಡ್ಡಿಗೆ ಒತ್ತಿದಳು.

"ಅಯ್ಯೋ, ಅಡುಗೆಗೆ ಗಡ್ಡೆನೇ ಇಲ್ವಲ್ಲ!" ಎಂದ ಮಗ.

"ಇವತ್ತು ಬರೀ ಬಟಾಣಿ," ಎಂದಳು ಆಕೆ.

ಜೋಡಿ ಗಡ್ಡೆಗಳನ್ನು ಕಿಟಕಿಯ ಹಲಗೆಯ ಮೇಲಿಡಲು ಎತ್ತಿದಾಗ ಭಾರಕ್ಕೆ ನಡುವಿನ ಕಡ್ಡಿ ಬಾಗಿತು. ಆಕೆ ಒಂದು ಕಡೆ ಹಿಡಿದಳು, ಹುಡುಗಿ ಇನ್ನೊಂದು ಕಡೆ.