ಬೆಂಚಿನ ಗೇಟು

ಚಿಲಕ ತಣ್ಣಗಿದೆ, ಚರ್ಮದ ಕೈಗವಸು ದಾಟಿ ಬೆರಳಿಗೆ ಹತ್ತುವಷ್ಟು ತಣ್ಣಗಿದೆ, ಯಾವ ಊರಿನ ಐಸ್ ರಿಂಕಿಗೆ ಹೋದರೂ ಬೆಂಚಿನ ಗೇಟಿನ ಚಿಲಕ ಹೀಗೇ, ಎತ್ತುವ ಮುಂಚೆ ಗೇಟನ್ನು ಸೊಂಟದಿಂದ ಒಂಚೂರು ಒತ್ತಬೇಕು, ಇಲ್ಲದಿದ್ದರೆ ಕಚ್ಚಿಕೊಳ್ಳುತ್ತದೆ, ಮಂಡಿ ಎರಡೂ ಹೋಗಿ ಉಕ್ಕಿನವು ಬಂದವು, ಬಲಗಿವಿ ಮಂದವಾಯಿತು, ಈ ವಿದ್ಯೆ ಮಾತ್ರ ಹೋಗಲಿಲ್ಲ, ಹೋಗುವುದಾದರೂ ಹೇಗೆ, ಒಂಬತ್ತು ಸೀಸನ್ ದೊಡ್ಡ ಲೀಗಿನ ಐಸ್ ಹಾಕಿಯಲ್ಲಿ ಒರೆಸ್ಟ್ ಮೆಲ್ನಿಚುಕ್ ಮಾಡಿದ್ದು ಇದನ್ನೇ ತಾನೆ — ಎರಡನೇ ಗೋಲ್‌ಕೀಪರ್, ತಲೆಗೊಂದು ಟೋಪಿ, ಬೆಂಚಿನ ತುದಿಯಲ್ಲಿ ಗೇಟಿನ ಪಕ್ಕ ಜಾಗ, ಆಡಿ ದಣಿದವನು ಬಂದಾಗ ತೆಗೆ, ಹೊಸಬನು ಐಸಿಗೆ ಇಳಿದಮೇಲೆ ಮುಚ್ಚು. ಇವತ್ತೂ ಅದೇ ಕೆಲಸ. ಈ ರಿಂಕಿನ ಮ್ಯಾನೇಜರ್ ವೆಂಡೆಲ್, ಕೈಯಲ್ಲಿ ವಾಕಿಟಾಕಿ, ಕುತ್ತಿಗೆಗೆ ಯಾರದೋ ಟೈ, ಒರೆಸ್ಟ್ ನೀವು ಗೇಟ್ ಹತ್ರ ನಿಂತ್ಕೊಂಬಿಡಿ, ನಿಮಗೆ ಅಭ್ಯಾಸ ಇದೆಯಲ್ಲ, ಎಂದು ನಕ್ಕ, ನಕ್ಕಮೇಲೆ ಇದು ಸಾವು ಎಂದು ನೆನಪಾಗಿ ಮುಖ ಬಿಗಿದುಕೊಂಡ. ಲೊರ್ನ್ ಟೀಸ್‌ಡೇಲ್ ಸತ್ತಿದ್ದಾನೆ, ಈ ಟೆನಲ್‌ಬಿ ಊರು ಹಡೆದ ಮಹಾ ಗೋಲ್‌ಕೀಪರ್, ಊರಿನ ಚರ್ಚು ಇಷ್ಟು ಜನಕ್ಕೆ ಸಾಲದೆಂದು ಕೊನೆಯ ಪ್ರಾರ್ಥನೆಯನ್ನು ರಿಂಕಿನಲ್ಲೇ ಇಟ್ಟಿದ್ದಾರೆ, ಐಸಿನ ಮೇಲೆ ಹಲಗೆ, ಹಲಗೆಯ ಮೇಲೆ ರಬ್ಬರ್ ಹಾಸು, ಗೋಲಿನ ಬಲೆಯ ಮುಂದೆ ಹೂವು. ಐಸ್ ಸವರುವ ಗಾಡಿಯ ದೊಡ್ಡ ಬಾಗಿಲಿನಿಂದ ಶವದ ಪೆಟ್ಟಿಗೆಯನ್ನು ಸಲೀಸಾಗಿ ತರಬಹುದಿತ್ತು, ಬೇಡವಂತೆ, ಆಟಗಾರ ಆಟಗಾರರ ಗೇಟಿನಿಂದಲೇ ಇಳಿಯಬೇಕಂತೆ, ವೆಂಡೆಲ್ ಟೇಪು ಹಿಡಿದು ಅಳೆದೂ ನೋಡಿದ್ದಾನೆ, ಎರಡು ಬೆರಳು ಜಾಗ ಉಳಿಯುತ್ತದೆ. ಪೆಟ್ಟಿಗೆ ಹೊರಲು ಹಳೆಯ ತಂಡದ ಆರು ಜನ ಬೇಕೆಂದರು, ಆರು ಜನ ಸಿಕ್ಕರು, ಒರೆಸ್ಟ್ ಏಳನೆಯವನು. ಆಟದಲ್ಲೂ ಐಸಿಗಿಳಿಯುವವರು ಆರೇ ಜನ, ಅಲ್ಲೂ ಏಳನೆಯವನು. ಯಾರಿಗಾದರೂ ಸೊಂಟ ಹಿಡಿದರೆ ಕರೀತೀವಿ ಮೆಲ್ಲಿ, ರೆಡಿಯಾಗಿರು, ಅಂದರು, ತಂಡದವರ ಬಾಯಲ್ಲಿ ಮೆಲ್ನಿಚುಕ್ ಎಂದೂ ಮೆಲ್ಲಿಯೇ.

ಕ್ಯಾಂಟೀನಿನಲ್ಲಿ ಚರ್ಚಿನ ಹೆಂಗಸರು ಮೊಟ್ಟೆ ಸ್ಯಾಂಡ್‌ವಿಚ್ ಕತ್ತರಿಸುತ್ತಿದ್ದಾರೆ, ಕಾಫಿಯ ವಾಸನೆ, ಅದರಡಿಯಲ್ಲಿ ರಿಂಕಿನ ಹಳೆಯ ವಾಸನೆ, ಒದ್ದೆ ರಬ್ಬರು, ಒಣಗದ ಬೆವರು, ಹೊರಗೆ ಮೈನಸ್ ಮೂವತ್ತರ ಚಳಿ, ಅರ್ಧಕ್ಕರ್ಧ ಜನ ಟ್ರಕ್ಕುಗಳ ಎಂಜಿನ್ ಆರಿಸದೆ ಒಳಬಂದಿದ್ದಾರೆ, ಮೇಲಿನ ಹೀಟರುಗಳು ಕೆಂಪಗೆ ಕಾದು ಬೋಳು ತಲೆಗಳನ್ನಷ್ಟೇ ಬೆಚ್ಚಗೆ ಮಾಡುತ್ತಿವೆ. ಆರು ಜನ ಕಾರಿಡಾರಿನಲ್ಲಿ ನಿಂತಿದ್ದಾರೆ, ಯಾರ ಬಾಯಲ್ಲೂ ಸ್ವಂತ ಮುಂದಿನ ಹಲ್ಲಿಲ್ಲ, ಆಟದಲ್ಲಿ ಉದುರಿಹೋಗಿ ಎಲ್ಲ ಕಟ್ಟಿಸಿಕೊಂಡವು, ಒರೆಸ್ಟ್‌ನವು ಮಾತ್ರ ಅವನ ತಾಯಿ ಕೊಟ್ಟವು, ಒಂದೂ ಅಲ್ಲಾಡಿಲ್ಲ, ಮೆಲ್ಲಿ ನಿನ್ನ ಹಲ್ಲು ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣೋ ಎಂದು ಬೆಳಿಗ್ಗೆಯೂ ಒಬ್ಬ ಅಂದ, ಹೊಟ್ಟೆ ಉರಿಯಬೇಕಾದದ್ದು ಯಾರಿಗೆ, ಹಲ್ಲಿದ್ದವನಿಗೆ ಕಡಲೆ ಇಲ್ಲ, ಅಷ್ಟೇ ಕಥೆ. ಅಪ್ಪ ಒಮ್ಮೆ ಬಂದಿದ್ದ, ಕೊಯ್ಲು ಮುಗಿಸಿ, ಹೊಲದ ಕೆಸರು ಅಂಟಿದ ಟ್ರಕ್ಕಿನಲ್ಲೇ ಎರಡು ದಿನ ಓಡಿಸಿಕೊಂಡು, ಬೆಳ್ಳುಳ್ಳಿ ಹಾಕಿದ ಸಾಸೇಜು, ಅಮ್ಮನ ಸೌತೆ ಉಪ್ಪಿನಕಾಯಿ ಸೀಟಿನಡಿ ಇಟ್ಟುಕೊಂಡು, ಮಗ ದೊಡ್ಡ ಲೀಗಿನಲ್ಲಿದ್ದಾನೆಂದು ನೋಡಲು, ಆಟ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ನಿಂತು, ಆ ಗೇಟು ನಮ್ಮ ಕೊಟ್ಟಿಗೆ ಗೇಟಿಗಿಂತ ಹಗುರ ಕಾಣುತ್ತೆ ಒರೆಸ್ಟ್, ಅಂದ. ತಮಾಷೆಯೋ ಸಂಕಟವೋ, ಕೇಳುವ ಧೈರ್ಯ ಇವನಿಗೂ ಬರಲಿಲ್ಲ, ಇನ್ನೊಮ್ಮೆ ಬರುವ ಮನಸ್ಸು ಅವನಿಗೂ ಆಗಲಿಲ್ಲ. ಆಡಲೇ ಇಲ್ಲವೆಂದಲ್ಲ, ಆಡಿದ, ಸತತ ಎರಡು ದಿನ ಪಂದ್ಯವಿದ್ದಾಗ ಎರಡನೆಯ ದಿನ, ತಂಡ ಆಗಲೇ ಸೋತು ಸುಣ್ಣವಾಗಿದ್ದಾಗ ಕೊನೆಯ ಹತ್ತು ನಿಮಿಷ, ಜನ ಕೋಟು ತೊಟ್ಟು ಮನೆಗೆ ಹೊರಟಮೇಲೆ, ಆಗ ಹಿಡಿದ ಪಕ್‌ಗಳಿಗೆ, ಆ ಕರಿ ರಬ್ಬರ್ ಬಿಲ್ಲೆಗಳಿಗೆ, ಲೆಕ್ಕವಿಲ್ಲ, ಬಿಟ್ಟದ್ದಕ್ಕೆ ಮಾತ್ರ ಬೈಗುಳ.

ಮತ್ತೆ ಅದೇ ಪಂದ್ಯಕ್ಕೆ ಹೋಗಿ ನಿಲ್ಲುತ್ತೀಯ, ಬೇಡ, ಪಾದ್ರಿ ಬರಲಿ, ಪೆಟ್ಟಿಗೆ ಬರಲಿ, ಸ್ಯಾಂಡ್‌ವಿಚ್ ತಿಂದು ಮನೆಗೆ ಹೋಗು — ಆದರೆ ಎದುರಿನ ಗೋಡೆಯಲ್ಲಿ ಆ ಚಿತ್ರವನ್ನೇ ತೂಗುಹಾಕಿದ್ದಾರಲ್ಲ, ಒಂದೇ ಕಾಲಿನಲ್ಲಿ ನಿಂತ ವೀರ, ಲೀಗಿನ ಕಪ್‌ಗಾಗಿ ನಡೆದ ಕೊನೆಯ ಪಂದ್ಯ, ತೊಡೆಯ ಸಂದಿಯ ಸ್ನಾಯು ಹರಿದುಕೊಂಡ ಮೇಲೂ ಬಲೆ ಬಿಡದ ಲೊರ್ನ್, ಮುಖವಾಡ ಮೇಲೆತ್ತಿ, ಹಲ್ಲು ಕಚ್ಚಿ. ವೀರನಂತೆ. ಎಡಕ್ಕೆ ಜಾರಲು ಅವನ ಕೈಲಾಗುತ್ತಿರಲಿಲ್ಲ, ಪಾಪ್‌ಕಾರ್ನ್ ಮಾರುವವಳಿಗೂ ಅದು ಕಾಣುತ್ತಿತ್ತು, ಸಮಸಮ ನಿಂತ ಆಟ ಹೆಚ್ಚುವರಿ ಅವಧಿಗೆ ಹೋಯಿತು, ಮೊದಲ ಗೋಲು ಹೊಡೆದವರೇ ಗೆದ್ದಂತೆ, ಆಗ ಒರೆಸ್ಟ್ ಯಾರೂ ಹೇಳದಿದ್ದರೂ ಟೋಪಿ ತೆಗೆದಿಟ್ಟು ಪ್ಯಾಡಿನ ಪಟ್ಟಿಗಳನ್ನು ಮತ್ತೆ ಬಿಗಿದುಕೊಂಡ, ಬೆಳಿಗ್ಗೆ ಅಭ್ಯಾಸದಲ್ಲಿ ಒಂದೂ ಅವನನ್ನು ದಾಟಿರಲಿಲ್ಲ, ಪಕ್ ತಟ್ಟೆಯಷ್ಟು ದೊಡ್ಡದಾಗಿ, ನಿಧಾನವಾಗಿ, ಇವನ ಹೆಸರು ಕೇಳಿಕೊಂಡು ಬರುತ್ತಿದೆಯೇನೋ ಎಂಬಂತೆ ಬರುತ್ತಿತ್ತು, ಅಂಥ ದಿನ ಜನ್ಮಕ್ಕೊಮ್ಮೆ, ಇವತ್ತು ನಾನೇ ಎಂದು ಮೈಯೆಲ್ಲ ಹೇಳುತ್ತಿತ್ತು. ಕೋಚ್ ಬ್ರೆಕಿನ್ ಕರೆಯಲಿಲ್ಲ. ಲೊರ್ನ್ ಕುಂಟುತ್ತ ಬಲೆಗೆ ಹೋದ, ಪಕ್ ಎಡಕ್ಕೆ, ಕೆಳಕ್ಕೆ, ಅಲ್ಲಿಗೇ ಹೋಗುತ್ತದೆಂದು ಎಲ್ಲರಿಗೂ ಗೊತ್ತಿದ್ದ ಜಾಗಕ್ಕೇ ಹೋಯಿತು. ಸೋತವನ ಚಿತ್ರ ಗೋಡೆಗೆ ಬಂತು, ಮುಂದಿನ ಸೀಸನ್ನಿಗೆ ಒರೆಸ್ಟ್ ಕೆಳಗಿನ ಲೀಗಿಗೆ ಹೋದ, ಕಾರಣ ಯಾರೂ ಹೇಳಲಿಲ್ಲ, ಕೇಳಿದಾಗ ಬ್ರೆಕಿನ್ ಅವನ ಕಣ್ಣು ತಪ್ಪಿಸಿ, ನಿನಗೇ ಗೊತ್ತಲ್ಲ, ಅಂದಿದ್ದ. ನನಗೇನು ಗೊತ್ತು. ಬಸ್ಸಿನಲ್ಲಿ ನಿದ್ದೆ, ಬಸ್ಸಿನಲ್ಲಿ ಊಟ, ಆಮೇಲೆ ಕಟಾವು ಯಂತ್ರದ ಬಿಡಿಭಾಗ ಮಾರುವ ಕೌಂಟರು, ಅಲ್ಲಿ ನಿಂತು ಮುಪ್ಪಾಗುವವರೆಗೂ ಒಂದೇ ಪ್ರಶ್ನೆ, ನಾನು ಅಷ್ಟು ಕೆಟ್ಟ ಆಟಗಾರನಾಗಿದ್ದೆನೇ, ಒಂದು ಕಾಲಿಲ್ಲದವನಿಗಿಂತ ಕೆಟ್ಟವನೇ. ಹೆಂಡತಿ ಸೋನ್ಯಾಗೆ ಸಾಕಾಗಿದೆ, ಇನ್ನೂ ಅದನ್ನೇ ಅಗೀತಿದೀಯಾ, ಇರೋ ಹಲ್ಲೂ ಸವೀತಾವೆ ಬಿಡು.

ಹೆಜ್ಜೆ ಸದ್ದು, ಮಾವಿಸ್, ಲೊರ್ನ್‌ನ ಹೆಂಡತಿ, ಇಲ್ಲ ಈಗ ವಿಧವೆ, ಕಪ್ಪು ಕೋಟು, ಕಾಲಿಗೆ ಹಿಮದ ಬೂಟು, ಒರೆಸ್ಟ್ ಸ್ವಲ್ಪ ಕೂತ್ಕೋತೀನಿ, ಇಲ್ಲಿಗೆ ಯಾರೂ ಬಂದು ತಬ್ಕೊಳ್ಳಲ್ಲ, ಎಂದು ಬೆಂಚಿನ ಮೇಲೆ ಕುಳಿತಳು, ಕರೆಕ್ಟಾಗಿ ಅವನ ಜಾಗದಲ್ಲಿ, ತುದಿಯಲ್ಲಿ. ಒಂದಷ್ಟು ಹೊತ್ತು ಬೂಟಿನ ಹಿಮ ತಟ್ಟಿದಳು. ನಿಂಗೊಂದು ಮಾತು ಹೇಳ್ಬೇಕು, ಆಸ್ಪತ್ರೇಲಿ ಹೇಳ್ದ ಅವನು, ಹೋದ ವಾರ, ಆ ಕೊನೇ ಪಂದ್ಯ ನೆನಪಿದೆಯಾ ನಿಂಗೆ — ನೆನಪಿದೆಯಾ ಅಂತೆ — ಹೆಚ್ಚುವರಿ ಆಟಕ್ಕೆ ಮುಂಚೆ ಬ್ರೆಕಿನ್ ಅವನ ಹತ್ರ ಬಂದು, ಲೊರ್ನ್ ನಿನ್ನ ಕಾಲು ಮುಗೀತು, ಮೆಲ್ಲೀನ ಇಳಿಸ್ತೀನಿ ಅಂದ್ರಂತೆ. ಇವನು ಬೇಡ ಅಂದ. ಮೆಲ್ಲಿ ರಾತ್ರಿಯೆಲ್ಲಾ ಕುಡಿದು ವಾಂತಿ ಮಾಡ್ಕೊಂಡಿದಾನೆ, ಒಂದೇ ರೂಮಲ್ಲಿ ಇದೀವಲ್ಲ ನಾನೇ ನೋಡಿದೀನಿ, ನೆಟ್ಟಗೆ ನಿಲ್ಲೋಕೂ ಆಗಲ್ಲ ಅವನಿಗೆ, ಯಾರ ಮುಂದೇನೂ ಎತ್ತಬೇಡಿ ಪಾಪ, ಅಂತ ಅಂದ್ಬಿಟ್ಟನಂತೆ. ನಾನು ಕುಡೀಲಿಲ್ಲ ಮಾವಿಸ್, ಎಂದ ಒರೆಸ್ಟ್, ಶಾಲೆಯ ಹುಡುಗನ ಹಾಗೆ. ಗೊತ್ತು ಕಣೋ, ಅವನಿಗೂ ಗೊತ್ತಿತ್ತು. ಮತ್ತೆ ಯಾಕೆ. ಬೆಳಿಗ್ಗೆ ಅಭ್ಯಾಸದಲ್ಲಿ ನಿನ್ನ ನೋಡಿದ್ನಂತೆ, ಇವನು ಒಂದ್ಸಲ ಒಳಗೆ ಹೋದ್ರೆ ನನ್ನ ಇನ್ನು ಯಾರೂ ಕರೆಯಲ್ಲ ಅನ್ನಿಸ್ತಂತೆ. ನಿಂಗೆ ಹೇಳು ಅಂತ ಹೇಳ್ಲಿಲ್ಲ ಒರೆಸ್ಟ್, ಹೇಳ್ಬೇಡ ಅಂತಾನೂ ಹೇಳ್ಲಿಲ್ಲ. ಬೈಬೇಕು ಅನ್ಸಿದ್ರೆ ನನ್ನನ್ನ ಬೈ, ನಾನಿನ್ನೂ ಇದೀನಿ. ಬೈಯಲು ಬಾಯಿ ತೆರೆದವನ ಬಾಯಿಂದ ಬಂದದ್ದು, ಮೆಟ್ಟಿಲು ಜಾರುತ್ತೆ, ಹುಷಾರು, ಎಂಬ ಮಾತು, ಸೊಂಟದಿಂದ ಗೇಟು ಒತ್ತಿ ಚಿಲಕ ಎತ್ತಿ ಅವಳಿಗೆ ದಾರಿ ಬಿಟ್ಟ, ಅವಳು ಇಳಿದು ಬಲೆಯ ಮುಂದಿನ ಕುರ್ಚಿಗೆ ಹೋದಳು, ಇವನು ಗೇಟು ಮುಚ್ಚಿದ.

ಹಾಗಾದರೆ ಚೆನ್ನಾಗಿದ್ದೆ. ಕೆಟ್ಟವನಾಗಿರಲಿಲ್ಲ, ಅವನು ಹೆದರುವಷ್ಟು ಚೆನ್ನಾಗಿದ್ದೆ, ಅಪ್ಪನಿಗೆ ಹೇಳಬೇಕು, ಅಪ್ಪ ಎಲ್ಲಿದ್ದಾನೆ, ಬ್ರೆಕಿನ್ ಎಲ್ಲಿದ್ದಾನೆ, ಎಲ್ಲರೂ ಮಣ್ಣಿನೊಳಗೆ, ಲೊರ್ನ್ ಒಬ್ಬ ಬಾಕಿಯಿದ್ದ, ಅವನೂ ಹೊರಟ, ಕಾಲರ್ ಹಿಡಿಯಲು ಒಂದು ಕಾಲರಾದರೂ ಉಳಿಸಿದನೇ ದರಿದ್ರದವನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದರೆ ಇದೇ, ಕೈಗೆ ಬಂದ ತುತ್ತು, ಬಾಯಿಗೆ ಒಂದು ಗೇಣು ದೂರ, ಅಷ್ಟೇ ದೂರದಲ್ಲಿ ತಟ್ಟಿ ಬೀಳಿಸಿದ, ಬೀಳಿಸಿ ತಾನೂ ತಿನ್ನಲಿಲ್ಲ, ಸೋತ, ಸೋತು ವೀರನಾದ, ಆಮೇಲೆ ಪ್ರತಿ ವರ್ಷ ಎಲೆ ಉದುರುವ ಕಾಲಕ್ಕೆ ಬೇಟೆಯ ಹೆಬ್ಬಾತೊಂದನ್ನು ತಂದು ಇವನ ಮನೆ ಬಾಗಿಲಿಗೆ ನೇತುಹಾಕಿ ಹೋಗುತ್ತಿದ್ದ, ಒಳಗೆ ಬಾ ಅಂದರೆ ಬರುತ್ತಿರಲಿಲ್ಲ, ಎಷ್ಟು ಒಳ್ಳೆ ಮನುಷ್ಯ ಎನ್ನುತ್ತಿದ್ದಳು ಸೋನ್ಯಾ, ಹುರಿದು ತಿಂದೆವಲ್ಲ, ಪ್ರತಿ ವರ್ಷವೂ ತಿಂದೆವಲ್ಲ. ಮತ್ತೆ ಆ ನೀರು — ಅಯ್ಯೋ ಆ ನೀರು. ಹೆಚ್ಚುವರಿ ಆಟ ಶುರುವಾಗುವ ಮುಂಚೆ ಬ್ರೆಕಿನ್ ಬೆಂಚಿನ ಹಿಂದಿನಿಂದ ನಡೆದು ಬಂದ, ಒಂಬತ್ತು ಸೀಸನ್ನಿನಲ್ಲಿ ಒಮ್ಮೆಯೂ ಇವನ ಹತ್ತಿರ ನಿಲ್ಲದ ಮುದುಕ ಬಂದು ನಿಂತ, ಇವನ ಕೈ ಮುಖವಾಡಕ್ಕೆ ಹೋಯಿತು, ಮುದುಕ ಹಸಿರು ಬಾಟಲಿ ಚಾಚಿ ಮೆಲ್ಲಗೆ, ನೀರು ಕುಡಿ ಮಗಾ, ಅಂದ. ಅಷ್ಟು ಮೆತ್ತಗೆ. ಇವನು ಕುಡಿದ, ಇಳಿಸುವ ಮುಂಚೆ ಕುಡಿಸುತ್ತಿದ್ದಾನೆಂದು ಗಟಗಟ ಕುಡಿದ, ಥ್ಯಾಂಕ್ಸ್ ಬೇರೆ ಹೇಳಿದ, ರಾತ್ರಿ ಕುಡಿದು ಬಿದ್ದವನಿಗೆಂದು ಕೊಟ್ಟ ನೀರಿಗೆ.

ಕಾರಿಡಾರಿನಲ್ಲಿ ಪೆಟ್ಟಿಗೆ ಎತ್ತಿದರು, ಆರು ಜನರ ಬೂಟು, ಹುಷಾರು ಹುಷಾರು ಎಡಕ್ಕೆ ಎಡಕ್ಕೆ, ಮೇಲೆ ಕುಳಿತ ಹಳೆಯ ಆಟಗಾರರು ಹಾಕಿ ಕೋಲುಗಳನ್ನು ಹಲಗೆಗೆ ಬಡಿಯಲು ಶುರುಮಾಡಿದರು, ಟಕ್ ಟಕ್ ಟಕ್, ಮರ್ಯಾದೆಯ ಸದ್ದು, ಇಡೀ ರಿಂಕು ಎದ್ದು ನಿಂತಿತು, ಪೆಟ್ಟಿಗೆ ಬಂದು ಬೆನ್ನಿಗೆ ತಾಗುವಷ್ಟು ಹತ್ತಿರ ನಿಂತಿತು, ಮೆಲ್ಲಿ ತೆಗಿಯೋ, ಭಾರ ಇದಾನೆ, ಎಂದ ಮುಂದಿನವನು ಉಸಿರು ಬಿಗಿಹಿಡಿದು. ತೆಗೆಯುತ್ತೇನೆ, ತೆಗೆಯದೆ ಇನ್ನೇನು, ಸೊಂಟದಿಂದ ಒತ್ತಬೇಕು, ಚಿಲಕ ಎತ್ತಬೇಕು, ಒಂಬತ್ತು ಸೀಸನ್ ತೆಗೆದ ಕೈ, ಹಸಿರು ಬಾಟಲಿ, ಕೈ ಏಳುತ್ತಿಲ್ಲ, ಒರೆಸ್ಟ್, ಗೇಟು, ಒರೆಸ್ಟ್, ವೆಂಡೆಲ್ ಪಿಸುಗುಟ್ಟುತ್ತಿದ್ದಾನೆ, ಮಾವಿಸ್ ತಿರುಗಿ ನೋಡುತ್ತಿದ್ದಾಳೆ, ಕೋಲುಗಳ ಸದ್ದು ಒಂದೊಂದಾಗಿ ನಿಲ್ಲುತ್ತಿದೆ, ಇನ್ನೊಂದೇ ಕೋಲು, ಅದೂ ನಿಂತಿತು, ಬ್ರೆಕಿನ್ ಮುದುಕನ ಕೈ, ಮಣಿಕಟ್ಟಿನ ನರೆತ ಕೂದಲು, ಬಾಟಲಿಯ ಬಾಯಲ್ಲಿ ಒಂದು ಹನಿ, ಕುಡಿ ಮಗಾ,